ತಿಮಿಂಗಿಲ ಯಾರ ಬಳಗ?

ಓದುಗರೇ, ‘ತಿಮಿಂಗಿಲ’ ಎಂಬ ಪದವನ್ನು ಒಮ್ಮೆ ಬಿಡಿಸಿ ನೋಡಿ. ‘ತಿಮಿ’ ಎಂದರೆ ಸಮುದ್ರದ ಒಂದು ದೊಡ್ಡ ಮೀನು. ಅದನ್ನೂ ನುಂಗುವಂಥದ್ದು ತಿಮಿಂಗಿಲ. ನಮ್ಮ ಹಿಂದಿನವರು ಅಲ್ಲಿಗೂ ನಿಲ್ಲದೆ, ತಿಮಿಂಗಿಲವನ್ನೇ ನುಂಗುವ ‘ತಿಮಿಂಗಿಲಗಿಲ’ವನ್ನೂ ಕಲ್ಪಿಸಿಕೊಂಡಿದ್ದರು. ಮೀನನ್ನು ನುಂಗುವ ಮಹಾಮೀನು ಎಂಬ ಭಾವನೆ ಹೆಸರಿನಲ್ಲಿಯೇ ಅಡಗಿದೆ. ಇನ್ನು ನೀರುಕುದುರೆಯನ್ನು ತೆಗೆದುಕೊಳ್ಳಿ. ಗ್ರೀಕರು ಅದನ್ನು ಹೊಳೆಯ ಕುದುರೆ ಎಂದು ಕರೆದರು, ನಾವೂ ಕನ್ನಡದಲ್ಲಿ ಹಾಗೆಯೇ ಕರೆದೆವು. ಒಂದಕ್ಕೆ ಮೀನಿನ ಹೆಸರು, ಇನ್ನೊಂದಕ್ಕೆ ಕುದುರೆಯ ಹೆಸರು. ಇಂದಿನ ಪ್ರಾಣಿಶಾಸ್ತ್ರವನ್ನು ಕೇಳಿದರೆ ಮೊದಲನೆಯದು ಮೀನಲ್ಲ, ಎರಡನೆಯದು ಕುದುರೆಗೆ ಹತ್ತಿರದ್ದಲ್ಲ. ಆದರೆ ಇವೆರಡೂ ಒಂದಕ್ಕೊಂದು ದಾಯಾದಿಗಳು! ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಕುಲಕ್ಕೆ ಈಗ ಬದುಕಿರುವ ಪ್ರಾಣಿಗಳಲ್ಲಿ ನೀರುಕುದುರೆಗಿಂತ ಹತ್ತಿರದ ನೆಂಟರಿಲ್ಲ.

ಇದು ಹೇಗೆ ಗೊತ್ತಾಯಿತು? ಪ್ರಾಣಿಗಳನ್ನು ಗುಂಪು ಮಾಡುವಾಗ ರೂಪವನ್ನು ನೋಡಬೇಕೋ, ವಂಶವನ್ನು ನೋಡಬೇಕೋ? ಅರ್ಧ ಗಂಟೆಯ ಮಾತುಕತೆಯಲ್ಲಿ ಇಂಥ ಪ್ರಶ್ನೆಗೆ ಉತ್ತರದ ತುದಿಯನ್ನಷ್ಟೇ ಮುಟ್ಟಲು ಸಾಧ್ಯ. ಅತಿಥಿಗಳು ವಿಷಯಕ್ಕೆ ಬರುವ ಹೊತ್ತಿಗೆ ಸಮಯ ಮುಗಿಯಿತೆಂದು ನಾವೇ ಕೈಸನ್ನೆ ಮಾಡುತ್ತಿರುತ್ತೇವೆ. ಪುಸ್ತಕದ ಪುಟಗಳಲ್ಲಿ ಆ ಅವಸರವಿಲ್ಲ. ಹಾಗಾಗಿ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ಅದು ನ್ಯಾಯಾಲಯವೊಂದರಲ್ಲಿ ಆರಂಭವಾಗುತ್ತದೆ.

1818ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿತು. ಮಾರಾಟಕ್ಕೆ ಬರುವ ಮೀನೆಣ್ಣೆಯ ಪೀಪಾಯಿಗಳನ್ನೆಲ್ಲ ಸರ್ಕಾರದ ತಪಾಸಣೆಗಾರರು ಪರೀಕ್ಷಿಸಬೇಕು, ಅದಕ್ಕೆ ಶುಲ್ಕ ವಸೂಲು ಮಾಡಬೇಕು ಎಂಬುದು ಅದರ ಸಾರಾಂಶ. ಸ್ಯಾಮ್ಯುಯೆಲ್ ಜಡ್ ಎಂಬ ವ್ಯಾಪಾರಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯ ಮೂರು ಪೀಪಾಯಿಗಳನ್ನು ಪರೀಕ್ಷೆಯಿಲ್ಲದೆ ಕೊಂಡ. ಜೇಮ್ಸ್ ಮಾರಿಸ್ ಎಂಬ ತಪಾಸಣೆಗಾರ ಪೀಪಾಯಿಗೆ 25 ಡಾಲರಿನಂತೆ 75 ಡಾಲರ್ ದಂಡ ಕೇಳಿ ಮೊಕದ್ದಮೆ ಹೂಡಿದ. ಜಡ್‌ನ ಉತ್ತರ ಸರಳವಾಗಿತ್ತು: ಕಾನೂನು ಮೀನೆಣ್ಣೆಗೆ ಅನ್ವಯಿಸುತ್ತದೆ, ತಿಮಿಂಗಿಲ ಮೀನಲ್ಲ, ಆದ್ದರಿಂದ ದಂಡವಿಲ್ಲ.

ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ವಿಚಾರಣೆ ನಡೆಯಿತು. ಹಣ ಮೂರು ಪೀಪಾಯಿಯದಾದರೂ ಊರಿಗೆ ಊರೇ ಕಿವಿಗೊಟ್ಟಿತ್ತು. ಜಡ್‌ನ ಪರವಾಗಿ ಸಾಕ್ಷಿ ಹೇಳಲು ಬಂದವರು ಸ್ಯಾಮ್ಯುಯೆಲ್ ಲೇಥಮ್ ಮಿಚೆಲ್. ಅವರು ವೈದ್ಯರು, ಪ್ರಕೃತಿವಿಜ್ಞಾನದ ಪ್ರಾಧ್ಯಾಪಕರು, ಸೆನೆಟರ್ ಆಗಿದ್ದವರು, ಮೇಲಾಗಿ ನ್ಯೂಯಾರ್ಕಿನ ಮೀನುಗಳ ಬಗ್ಗೆಯೇ ಬರೆದವರು. ತಿಮಿಂಗಿಲಕ್ಕೆ ಶ್ವಾಸಕೋಶವಿದೆ, ಬಿಸಿರಕ್ತವಿದೆ, ಅದು ಮರಿ ಹಾಕಿ ಹಾಲೂಡಿಸುತ್ತದೆ; ಅದು ಮನುಷ್ಯನಿಗಿಂತ ಹೆಚ್ಚು ಮೀನಲ್ಲ ಎಂಬುದು ಅವರ ವಾದ. ತಿಮಿಂಗಿಲದ ಬೇಟೆಗೆ ಹೋಗಿ ಬಂದ ನಾವಿಕರೂ ಕಟಕಟೆ ಹತ್ತಿದರು. ಅವರಲ್ಲೊಬ್ಬ ಕ್ಯಾಪ್ಟನ್ನನ ಹೆಸರು ಪ್ರಿಸರ್ವ್ಡ್ ಫಿಶ್, ಅಂದರೆ ‘ಕೆಡದಂತೆ ಕಾಪಿಟ್ಟ ಮೀನು’! ಇದು ನನ್ನ ಕುಚೋದ್ಯವಲ್ಲ, ಅದು ಆತನ ನಿಜವಾದ ಹೆಸರು.

ಮಾರಿಸ್‌ನ ವಕೀಲ ವಿಲಿಯಂ ಸ್ಯಾಂಪ್ಸನ್ ಚತುರ. ಸೃಷ್ಟಿಯ ಕಥೆಯಲ್ಲಿ ನೀರಿನಲ್ಲಿ ಮೀನು, ಆಕಾಶದಲ್ಲಿ ಹಕ್ಕಿ, ನೆಲದ ಮೇಲೆ ಮೃಗ ಎಂದು ಇದೆ. ಕೆಲವರು ಪಂಡಿತರ ಮಾತು ಕೇಳಿ ಜನಸಾಮಾನ್ಯರ ಭಾಷೆಯನ್ನು ತಲೆಕೆಳಗು ಮಾಡಬೇಕೇ ಎಂದು ಆತ ಕೇಳಿದ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಚುಚ್ಚು ಮಾತಿನಲ್ಲಿತ್ತು. ತಿಮಿಂಗಿಲವನ್ನು ಮೀನಿನ ಸಾಲಿನಿಂದ ಎತ್ತಿ ಕೂರಿಸುವುದು ಎಲ್ಲಿ? ಮನುಷ್ಯ ಕುಳಿತಿರುವ ಸಾಲಿನಲ್ಲಿಯೇ ಅಲ್ಲವೇ? ಮಹಾಶಯರೇ, ತಿಮಿಂಗಿಲ ನಿಮ್ಮ ಬಂಧುವೆಂದು ಒಪ್ಪುತ್ತೀರಾ? ಹನ್ನೆರಡು ಮಂದಿ ಜ್ಯೂರಿಗಳು ಒಳಗೆ ಹೋಗಿ ಹದಿನೈದೇ ನಿಮಿಷದಲ್ಲಿ ಹಿಂತಿರುಗಿದರು. ಅವರ ತೀರ್ಪು: ತಿಮಿಂಗಿಲ ಮೀನು. ಜಡ್ ದಂಡ ತೆರಬೇಕಾಯಿತು. ಮರುವರ್ಷ ಶಾಸನಸಭೆ ಕಾನೂನನ್ನೇ ತಿದ್ದಿ ತಿಮಿಂಗಿಲದ ಎಣ್ಣೆಯನ್ನು ಹೊರಗಿಟ್ಟಿತು, ಅದು ಬೇರೆ ಮಾತು.

ಈ ಜ್ಯೂರಿಗಳನ್ನು ನೋಡಿ ನಗುವುದು ಸುಲಭ. ಆದರೆ ಒಂದು ಕ್ಷಣ ಅವರ ಜಾಗದಲ್ಲಿ ಕುಳಿತು ಯೋಚಿಸಿ. ಮಿಚೆಲ್ ಹೇಳಿದ್ದು ಸ್ವೀಡನ್ನಿನ ಲಿನೇಯಸ್ ಕಟ್ಟಿದ ಪದ್ಧತಿಯನ್ನು. ಜಗತ್ತಿನ ಜೀವಿಗಳಿಗೆಲ್ಲ ಹೆಸರಿಡಲು ಹೊರಟ ಲಿನೇಯಸ್ ತನ್ನ ಗ್ರಂಥದ 1735ರ ಮೊದಲ ಮುದ್ರಣದಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆಗೇ ಇಟ್ಟಿದ್ದ. 1758ರ ಹತ್ತನೆಯ ಮುದ್ರಣದಲ್ಲಿ ಮಾತ್ರ ಅದನ್ನು ಅಲ್ಲಿಂದ ಕಿತ್ತು, ಮೊಲೆಯುಣಿಸುವ ಪ್ರಾಣಿಗಳಿಗೆಂದೇ ಹೊಸದಾಗಿ ಹೆಸರಿಸಿದ ವರ್ಗದಲ್ಲಿ ಸೇರಿಸಿದ. ಅದೇ ನಮ್ಮ ಪಠ್ಯಪುಸ್ತಕಗಳ ಸಸ್ತನಿ ವರ್ಗ. ತಿಮಿಂಗಿಲ ಉಸಿರಾಡುತ್ತದೆ, ಹಾಲೂಡಿಸುತ್ತದೆ ಎಂಬುದು ಹೊಸ ಸಂಗತಿಯೇನಲ್ಲ, ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲ್ ಅದನ್ನು ಬರೆದಿಟ್ಟಿದ್ದ. ಹೊಸದು ಏನೆಂದರೆ, ಹಾಲಿಗೆ ಹೆಚ್ಚು ಬೆಲೆ, ಈಜುರೆಕ್ಕೆಗೆ ಕಡಿಮೆ ಬೆಲೆ ಎಂಬ ತೀರ್ಮಾನ.

ಏಕೆ ಹಾಗೆ? ನೀರಿನಲ್ಲಿ ವಾಸ, ಮೀನಿನ ಆಕಾರ, ಬಾಲ, ಈಜುರೆಕ್ಕೆ ಇವೆಲ್ಲ ಕಣ್ಣಿಗೆ ಕಾಣುವಂಥವು. ಹಾಲು, ಹೃದಯದ ಕೋಣೆಗಳು, ಶ್ವಾಸಕೋಶ ಒಳಗಿನವು. ಒಳಗಿನದೇ ಮುಖ್ಯವೆಂದು ಹೇಳಲು ಆಧಾರವೇನು? ಲಿನೇಯಸ್‌ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸೃಷ್ಟಿಕರ್ತನ ಯೋಜನೆಯಲ್ಲಿ ಹಾಗಿದೆ ಎಂಬುದು ಆ ಕಾಲದ ನಂಬಿಕೆ. ಮಿಚೆಲ್ ಹೇಳಿದ ಉತ್ತರ ಸರಿಯಾಗಿತ್ತು, ಆದರೆ ಆ ಉತ್ತರಕ್ಕೆ ಕಾರಣ ಇನ್ನೂ ಹುಟ್ಟಿರಲಿಲ್ಲ. ಕಾರಣವಿಲ್ಲದ ಉತ್ತರವನ್ನು ಜ್ಯೂರಿಗಳು ಒಪ್ಪಲಿಲ್ಲವೆಂದರೆ ಅದರಲ್ಲಿ ಅವರ ತಪ್ಪು ಕಡಿಮೆ ಎಂದೇ ನನ್ನ ಅನಿಸಿಕೆ.

ಕಾರಣ ಹುಟ್ಟಿದ್ದು 1859ರಲ್ಲಿ. ಆ ವರ್ಷ ಡಾರ್ವಿನ್ನನ ‘ಜೀವಿಜಾತಿಗಳ ಉಗಮ’ ಪ್ರಕಟವಾಯಿತು. ಆ ದಪ್ಪ ಪುಸ್ತಕದಲ್ಲಿ ಇರುವುದು ಒಂದೇ ಒಂದು ಚಿತ್ರ. ಅದು ಕವಲೊಡೆಯುತ್ತ ಹೋಗುವ ವಂಶದ ರೇಖಾಚಿತ್ರ. ವರ್ಗೀಕರಣಕ್ಕೆಂದೇ ಮೀಸಲಾದ ಅಧ್ಯಾಯದಲ್ಲಿ ಡಾರ್ವಿನ್ ಹೇಳುವುದು ಇಷ್ಟು: ಪ್ರಕೃತಿವಿಜ್ಞಾನಿಗಳು ತಿಳಿಯದೆಯೇ ಹುಡುಕುತ್ತಿದ್ದ ಆ ಗುಪ್ತ ನಂಟು ಬೇರೇನೂ ಅಲ್ಲ, ರಕ್ತಸಂಬಂಧವೇ. ಒಂದೇ ಮೂಲದಿಂದ ಬಂದವರೆಲ್ಲ ಒಂದು ಗುಂಪು. ಬದುಕುವ ಜಾಗಕ್ಕೆ ತಕ್ಕಂತೆ ರೂಪುಗೊಂಡ ಅಂಗಗಳು ಈ ನಂಟನ್ನು ಮರೆಮಾಡುತ್ತವೆ. ತಿಮಿಂಗಿಲ ಮೀನನ್ನು ಹೋಲುವುದು ನೀರಿನ ದೆಸೆಯಿಂದ. ನೀರನ್ನು ಸೀಳಿಕೊಂಡು ಹೋಗಬೇಕಾದ ದೇಹ, ಅದು ಯಾರ ಮಗುವಾದರೂ ಸರಿ, ಕದಿರಿನ ಆಕಾರಕ್ಕೇ ಬರುತ್ತದೆ. ಜೀವನಕ್ಕೆ ಅಷ್ಟಾಗಿ ಉಪಯೋಗಕ್ಕೆ ಬಾರದ, ಹಳೆಯ ಮನೆಯಿಂದ ತಂದು ಮೂಲೆಯಲ್ಲಿಟ್ಟ ಸಾಮಾನಿನಂಥ ಲಕ್ಷಣಗಳೇ ವಂಶವನ್ನು ಹೇಳುತ್ತವೆ. ತಿಮಿಂಗಿಲದ ಮೈಯೊಳಗೆ, ಹಿಂಗಾಲುಗಳಿರಬೇಕಾದ ಕಡೆ, ಸೊಂಟದ ಮೂಳೆಯ ಸಣ್ಣ ಚೂರುಗಳು ಹುದುಗಿವೆ. ಇನ್ನೊಂದು ಸಾಕ್ಷಿಯನ್ನು ನೀವೇ ಯಾವುದಾದರೂ ಚಿತ್ರದಲ್ಲಿ ನೋಡಬಹುದು. ಮೀನು ಬಾಲವನ್ನು ಎಡಬಲಕ್ಕೆ ಬೀಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ ಬಡಿಯುತ್ತದೆ. ನಾಯಿಯೋ ಚಿರತೆಯೋ ನಾಗಾಲೋಟದಲ್ಲಿ ಓಡುವಾಗ ಬೆನ್ನು ಹೇಗೆ ಬಾಗಿ ಚಾಚುತ್ತದೆಯೋ ಅದೇ ಚಲನೆ ಅದು. ನೆಲದ ಓಟ ನೀರಿನಲ್ಲಿ ಮುಂದುವರಿದಿದೆ.

ಆದರೆ ತಿಮಿಂಗಿಲದ ಅಜ್ಜ ಯಾರು? ಡಾರ್ವಿನ್ ಇಲ್ಲಿ ಸ್ವಲ್ಪ ಪೇಚಿಗೆ ಸಿಕ್ಕಿದ. ಉತ್ತರ ಅಮೆರಿಕದಲ್ಲಿ ಕರಡಿಯೊಂದು ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಈಜುತ್ತ ಹುಳುಗಳನ್ನು ಹಿಡಿಯುತ್ತಿದ್ದುದನ್ನು ಪ್ರವಾಸಿಯೊಬ್ಬ ಕಂಡಿದ್ದ. ಇಂಥ ಕರಡಿಗಳೇ ಬಹುಕಾಲದ ಮೇಲೆ ತಿಮಿಂಗಿಲದಂಥ ಪ್ರಾಣಿಯಾಗುವುದು ಅಸಾಧ್ಯವಲ್ಲ ಎಂದು ಡಾರ್ವಿನ್ ಮೊದಲ ಮುದ್ರಣದಲ್ಲಿ ಬರೆದ. ಎಲ್ಲರೂ ನಕ್ಕರು. ಮುಂದಿನ ಮುದ್ರಣಗಳಲ್ಲಿ ಆ ಮಾತು ಮೊಟಕಾಯಿತು. ಕರಡಿ ತಪ್ಪು, ಆದರೆ ನೆಲದ ಮೇಲಿನ ಪ್ರಾಣಿಯನ್ನು ಹುಡುಕಬೇಕೆಂಬ ದಿಕ್ಕು ಸರಿಯಾಗಿತ್ತು.

ಹುಡುಕುವುದು ಹೇಗೆ ಎಂಬುದಕ್ಕೆ ಒಂದು ಶಿಸ್ತು ಬೇಕಾಗಿತ್ತು. ಅದನ್ನು ಕೊಟ್ಟವನು ನೊಣಗಳ ತಜ್ಞನಾಗಿದ್ದ ಜರ್ಮನಿಯ ವಿಲಿ ಹೆನ್ನಿಗ್. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಬ್ರಿಟಿಷರ ಸೆರೆಯಲ್ಲಿದ್ದಾಗ ಆತ ತನ್ನ ಸಿದ್ಧಾಂತದ ಕರಡನ್ನು ಬರೆದ. ಪುಸ್ತಕ 1950ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು, 1966ರಲ್ಲಿ ಇಂಗ್ಲಿಷಿಗೆ ಬಂದ ಮೇಲೆಯೇ ಪ್ರಪಂಚದ ಗಮನ ಅದರ ಮೇಲೆ ಬಿತ್ತು. ಹೆನ್ನಿಗ್‌ನ ವಿಚಾರವನ್ನು ಪಾರಿಭಾಷಿಕ ಪದಗಳಲ್ಲಿ ಹೇಳಿದರೆ ತಲೆ ತಿರುಗುತ್ತದೆ. ನಮ್ಮ ಓಲೆಗರಿಗಳ ಉದಾಹರಣೆಯಲ್ಲಿ ಹೇಳುವುದು ಮೇಲು.

ಹಳಗನ್ನಡ ಕಾವ್ಯವೊಂದರ ಆರು ಓಲೆಪ್ರತಿಗಳು ಸಿಕ್ಕಿವೆ ಎನ್ನಿ. ಕವಿಯ ಕೈಬರಹದ ಮೂಲ ಇಲ್ಲ. ಯಾವ ಪ್ರತಿ ಯಾವುದರಿಂದ ಇಳಿದದ್ದು ಎಂದು ಗ್ರಂಥಸಂಪಾದಕರು ಹೇಗೆ ಪತ್ತೆ ಮಾಡುತ್ತಾರೆ? ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ರೀತಿ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಅದು ಮೂಲದಲ್ಲಿಯೇ ಇದ್ದುದು, ಯಾರಲ್ಲಿ ಬೇಕಾದರೂ ಉಳಿದಿರಬಹುದು. ಆದರೆ ಎರಡು ಪ್ರತಿಗಳಲ್ಲಿ ಒಂದೇ ಪದ್ಯದ ಒಂದೇ ಸಾಲು ಬಿಟ್ಟುಹೋಗಿದ್ದರೆ? ಒಂದೇ ವಿಚಿತ್ರ ಕಾಗುಣಿತದ ತಪ್ಪು ಎರಡರಲ್ಲೂ ಇದ್ದರೆ? ಆಗ ಆ ತಪ್ಪು ಮಾಡಿದ ಲಿಪಿಕಾರನ ಪ್ರತಿಯಿಂದ ಎರಡೂ ಇಳಿದು ಬಂದಿವೆ ಎಂದು ಹೇಳಬಹುದು. ಹೆನ್ನಿಗ್ ಹೇಳಿದ್ದು ಇದನ್ನೇ. ಹಳೆಯದು ಉಳಿದುಕೊಂಡಿರುವುದು ನೆಂಟಸ್ತಿಕೆಗೆ ಸಾಕ್ಷಿಯಲ್ಲ, ಹೊಸದಾಗಿ ಸೇರಿದ ಬದಲಾವಣೆಯನ್ನು ಹಂಚಿಕೊಂಡಿರುವುದು ಮಾತ್ರ ಸಾಕ್ಷಿ. ಜೊತೆಗೆ ಇನ್ನೊಂದು ಕಟ್ಟುನಿಟ್ಟು: ಗುಂಪೆಂದರೆ ಒಬ್ಬ ಮೂಲಪುರುಷ ಮತ್ತು ಆತನ ಸಂತಾನ ಪೂರ್ತಿ. ಇವನು ಬೇಡ, ಅವಳು ಬೇಡ ಎಂದು ಯಾರನ್ನೂ ಬಿಡುವಂತಿಲ್ಲ. ಈ ಎರಡನೆಯ ಮಾತು ಎಷ್ಟು ಗದ್ದಲ ಎಬ್ಬಿಸಿತೆಂಬುದನ್ನು ಮುಂದೆ ನೋಡೋಣ.

ಹಾಲು, ಬಿಸಿರಕ್ತ ಇವು ತಿಮಿಂಗಿಲ ಸಸ್ತನಿ ಎಂಬುದನ್ನು ಹೇಳುತ್ತವೆ, ಸಸ್ತನಿಗಳಲ್ಲಿ ಯಾರ ಮನೆಯದು ಎಂದು ಹೇಳುವುದಿಲ್ಲ. ಅವು ಎಲ್ಲ ಸಸ್ತನಿಗಳಿಗೂ ಮೂಲದಿಂದ ಬಂದ ಪಾಠಗಳು. 1883ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ಲವರ್ ಎಂಬ ಅಂಗರಚನಾ ತಜ್ಞ, ಗೊರಸಿನ ಪ್ರಾಣಿಗಳ ಕಡೆ ಬೆರಳು ತೋರಿಸಿದ. ತಿಮಿಂಗಿಲದ ಹೊಟ್ಟೆ ದನದ ಹೊಟ್ಟೆಯಂತೆ ಹಲವು ಕೋಣೆಗಳದ್ದೆಂಬುದು ಗೊತ್ತೇ ಇತ್ತು. ಆದರೂ 1945ರಲ್ಲಿ ಸಸ್ತನಿಗಳ ದೊಡ್ಡ ವರ್ಗೀಕರಣ ಬರೆದ ಅಮೆರಿಕದ ಸಿಂಪ್ಸನ್ ತಿಮಿಂಗಿಲಗಳನ್ನು ಯಾರ ಜೊತೆಗೂ ಕೂರಿಸಲಾರದೆ ಪ್ರತ್ಯೇಕ ಕೋಣೆ ಕೊಟ್ಟ. 1966ರಲ್ಲಿ ವಾನ್ ವೇಲನ್ ಎಂಬಾತ ಹಲ್ಲುಗಳ ಹೋಲಿಕೆಯಿಂದ, ನಾಮಾವಶೇಷವಾದ ಮಾಂಸಾಹಾರಿ ಗೊರಸಿನ ಪ್ರಾಣಿಗಳ ಗುಂಪೊಂದೇ ತಿಮಿಂಗಿಲದ ಪೂರ್ವಜ ಎಂದ. ಮೀಸೊನಿಕಿಡ್ ಎಂಬುದು ಆ ಗುಂಪಿನ ಹೆಸರು. ಪಳೆಯುಳಿಕೆ ತಜ್ಞರಲ್ಲಿ ಬಹುಪಾಲು ಮಂದಿ ಮೂವತ್ತು ವರ್ಷ ಇದನ್ನೇ ನಂಬಿದ್ದರು.

ಅಷ್ಟರಲ್ಲಿ ಪ್ರಯೋಗಶಾಲೆಯವರು ಬೇರೆಯೇ ರಾಗ ಹಾಡತೊಡಗಿದರು. 1950ರಷ್ಟು ಹಿಂದೆಯೇ ರಕ್ತದ್ರವದ ಪರೀಕ್ಷೆಗಳು ತಿಮಿಂಗಿಲವನ್ನು ದನ, ಹಂದಿ, ಜಿಂಕೆ, ಒಂಟೆಗಳ ಗುಂಪಿನ ಹತ್ತಿರಕ್ಕೆ ತಂದಿದ್ದವು. ಇವು ಪಾದದಲ್ಲಿ ಎರಡೋ ನಾಲ್ಕೋ, ಅಂತೂ ಸಮಸಂಖ್ಯೆಯ ಗೊರಸುಳ್ಳವು. ನೀರುಕುದುರೆಯೂ ಇದೇ ಗುಂಪಿನದು, ಕುದುರೆಯಾದರೋ ಒಂಟಿ ಗೊರಸಿನ ಬೇರೆ ಗುಂಪು. 1990ರ ದಶಕದಲ್ಲಿ ಡಿ.ಎನ್.ಎ. ಓದುವ ವಿಧಾನ ಸುಲಭವಾದಾಗ ಉತ್ತರ ಇನ್ನೂ ತೀಕ್ಷ್ಣವಾಯಿತು. ಟೋಕಿಯೋದಲ್ಲಿ ನೊರಿಹಿರೊ ಒಕಾದಾ ಅವರ ತಂಡ 1997 ಮತ್ತು 1999ರಲ್ಲಿ ಪ್ರಕಟಿಸಿದ ಕೆಲಸ ಓಲೆಗರಿಯ ಲೆಕ್ಕಾಚಾರವೇ. ಪ್ರಾಣಿಗಳ ಡಿ.ಎನ್.ಎ.ಯಲ್ಲಿ ಅಲ್ಲಲ್ಲಿ ತಾವಾಗಿ ನುಸುಳಿಕೊಳ್ಳುವ ಚಿಕ್ಕ ತುಣುಕುಗಳಿವೆ. ಲಿಪಿಕಾರ ನಿದ್ದೆಗಣ್ಣಿನಲ್ಲಿ ನಡುವೆ ಬರೆದುಬಿಟ್ಟ ಸಂಬಂಧವಿಲ್ಲದ ಸಾಲಿನಂತೆ ಅವು. ಒಂದೇ ತುಣುಕು ಒಂದೇ ಜಾಗದಲ್ಲಿ ಎರಡು ಪ್ರಾಣಿಗಳಲ್ಲಿ ಬೇರೆ ಬೇರೆಯಾಗಿ ನುಸುಳುವುದು ತೀರ ಅಪರೂಪ. ಅಂಥ ತುಣುಕುಗಳಲ್ಲಿ ಕೆಲವು ತಿಮಿಂಗಿಲದಲ್ಲೂ ನೀರುಕುದುರೆಯಲ್ಲೂ ಇದ್ದವು. ದನದಲ್ಲಿ ಇರಲಿಲ್ಲ, ಹಂದಿಯಲ್ಲಿ ಇರಲಿಲ್ಲ, ಒಂಟೆಯಲ್ಲಿಯೂ ಇರಲಿಲ್ಲ.

ಮೂಳೆಯವರು ಒಪ್ಪಲಿಲ್ಲ. ಮೂಳೆ ಹೇಳುವುದೊಂದು, ಅಣು ಹೇಳುವುದೊಂದು ಎಂಬ ಜಗಳ ಕೆಲವು ವರ್ಷ ನಡೆಯಿತು. ತೀರ್ಮಾನವಾಗಬೇಕಾದರೆ ಕಣಕಾಲಿನ ಒಂದು ಮೂಳೆ ಬೇಕಾಗಿತ್ತು. ಸಮಗೊರಸಿನ ಪ್ರಾಣಿಗಳ ಕಣಕಾಲಿನ ಒಂದು ಮೂಳೆ ಎರಡೂ ತುದಿಗಳಲ್ಲಿ ಬಾವಿಯ ರಾಟೆಯ ಹಾಗೆ ತೋಡಿಕೊಂಡಿರುತ್ತದೆ. ಉಳಿದ ಸಸ್ತನಿಗಳಲ್ಲಿ ಹೀಗೆ ಎರಡು ರಾಟೆಗಳಿಲ್ಲ. ಅದು ಆ ಮನೆತನದ ಮುದ್ರೆ. ಆದರೆ ತಿಮಿಂಗಿಲಕ್ಕೆ ಕಣಕಾಲೇ ಇಲ್ಲ! ಕಾಲಿದ್ದ ಕಾಲದ ತಿಮಿಂಗಿಲವನ್ನೇ ನೆಲದಿಂದ ಅಗೆದು ತೆಗೆಯಬೇಕಾಗಿತ್ತು.

ಇಲ್ಲಿಂದ ಕಥೆ ನಮ್ಮ ಉಪಖಂಡಕ್ಕೆ ಬರುತ್ತದೆ, ಬರಲೇಬೇಕು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಏಷ್ಯಾಕ್ಕೆ ಒತ್ತಿಕೊಳ್ಳುತ್ತಿದ್ದಾಗ ನಡುವೆ ಟೆಥಿಸ್ ಎಂಬ ಸಮುದ್ರ ಕಿರಿದಾಗುತ್ತ ಆಳವಿಲ್ಲದ ಕೊಲ್ಲಿಗಳಾಗಿ ಉಳಿದಿತ್ತು. ತಿಮಿಂಗಿಲಗಳ ತೊಟ್ಟಿಲು ಆ ಕೊಲ್ಲಿಗಳು. ಕಚ್ಛ್‌ನ ಒಣ ನೆಲದಲ್ಲಿ ಅಶೋಕ್ ಸಾಹ್ನಿ ಮತ್ತು ವಿ. ಪಿ. ಮಿಶ್ರಾ 1970ರ ದಶಕದಲ್ಲಿಯೇ ಹಳೆಯ ತಿಮಿಂಗಿಲಗಳ ಮೂಳೆಗಳನ್ನು ವರ್ಣಿಸಿದ್ದರು. 1981ರಲ್ಲಿ ಗಿಂಗರಿಚ್ ಮತ್ತು ರಸೆಲ್ ಪಾಕಿಸ್ತಾನದಲ್ಲಿ ಸಿಕ್ಕ ತಲೆಬುರುಡೆಯೊಂದಕ್ಕೆ ‘ಪಾಕಿಸೀಟಸ್’ ಎಂದು ಹೆಸರಿಟ್ಟರು. ಬುರುಡೆ ಮಾತ್ರ ಇತ್ತು, ದೇಹ ಸಿಕ್ಕಿರಲಿಲ್ಲ. ಆದರೂ 1983ರಲ್ಲಿ ಹೆಸರಾಂತ ವಿಜ್ಞಾನ ಪತ್ರಿಕೆಯೊಂದರ ಮುಖಪುಟದಲ್ಲಿ ಅದು ಈಜುತ್ತ ಮೀನು ಹಿಡಿಯುವ ಪ್ರಾಣಿಯಾಗಿ ಕಾಣಿಸಿಕೊಂಡಿತು. 2001ರಲ್ಲಿ ಅಸ್ಥಿಪಂಜರದ ಭಾಗಗಳು ವರ್ಣಿತವಾದಾಗ ನೋಡಿದರೆ ಅದಕ್ಕೆ ನೆಲದ ಮೇಲೆ ನಡೆಯುವ, ಓಡುವ ಉದ್ದ ಕಾಲುಗಳು. ತೋಳದಷ್ಟು ಗಾತ್ರದ ಪ್ರಾಣಿ. ಚಿತ್ರವನ್ನೇ ನಂಬಿ ಬದುಕುವ ಕಸುಬಿನ ನನ್ನಂಥವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆ 2001ರ ಸೆಪ್ಟೆಂಬರಿನಲ್ಲಿ ಎರಡು ತಂಡಗಳು ಬೇರೆ ಬೇರೆ ಪತ್ರಿಕೆಗಳಲ್ಲಿ, ಹೆಚ್ಚುಕಡಿಮೆ ಒಂದೇ ದಿನ, ಕಣಕಾಲಿನ ಮೂಳೆಯನ್ನು ಪ್ರಕಟಿಸಿದವು. ಥೇವಿಸ್ಸನ್ ಅವರ ತಂಡ ಪಾಕಿಸೀಟಸ್ ಮತ್ತು ಅದರ ಸಂಬಂಧಿಕರದನ್ನು, ಗಿಂಗರಿಚ್ ಅವರ ತಂಡ ಬಲೂಚಿಸ್ತಾನದಲ್ಲಿ ಸಿಕ್ಕ ಇನ್ನಷ್ಟು ಈಚಿನ ತಿಮಿಂಗಿಲಗಳದನ್ನು. ಎರಡರಲ್ಲೂ ಎರಡೂ ತುದಿಗೆ ರಾಟೆ ಇತ್ತು. ಗಿಂಗರಿಚ್ ಅಲ್ಲಿಯವರೆಗೆ ಮೀಸೊನಿಕಿಡ್ ಪಕ್ಷದವರು. ಮೂಳೆ ಕಂಡ ಮೇಲೆ ಪಕ್ಷ ಬಿಟ್ಟರು, ಅದನ್ನು ಅಚ್ಚಿನಲ್ಲಿಯೂ ಹೇಳಿದರು. ವಿಜ್ಞಾನದಲ್ಲಿ ಇಂಥ ಘಟನೆಗಳು ನಡೆಯುತ್ತವೆಂದು ಕೇಳಿರುತ್ತೇವೆ, ಹೆಸರು ತಾರೀಖು ಸಮೇತ ಸಿಗುವುದು ಕಡಿಮೆ.

ಇನ್ನೊಂದು ಕೊಂಡಿ ನಮ್ಮವರೊಬ್ಬರ ಮನೆಯಲ್ಲಿಯೇ ಕುಳಿತಿತ್ತು. ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟ್ ಬಳಿ ಮೂಳೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿದ್ದರು. 1971ರಲ್ಲಿ ಕೆಲವು ಹಲ್ಲು, ದವಡೆಯ ಚೂರುಗಳ ಆಧಾರದ ಮೇಲೆ ಒಂದು ಸಣ್ಣ ಗೊರಸಿನ ಪ್ರಾಣಿಗೆ ‘ಇಂಡೋಹಯಸ್’ ಎಂದು ಹೆಸರಿಟ್ಟರು. ‘ಭಾರತದ ಹಂದಿ’ ಎಂದು ಅದರ ಅರ್ಥ. ಉಳಿದ ಕಲ್ಲುಗಳು ಒಡೆಯದೆ ಹಾಗೆಯೇ ಉಳಿದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ವರ್ಷಗಟ್ಟಲೆ ಅವನ್ನು ಕಾಪಾಡಿಕೊಂಡು ಬಂದು ಕೊನೆಗೆ ಥೇವಿಸ್ಸನ್ ಅವರಿಗೆ ಒಪ್ಪಿಸಿದರು. ಕಲ್ಲನ್ನು ಬಿಡಿಸುವಾಗ ಸಹಾಯಕರ ಕೈಯಲ್ಲಿ ಬುರುಡೆಯೊಂದರ ಕಿವಿಯ ಭಾಗ ಮುರಿಯಿತು. ಮುರಿದದ್ದೇ ಒಳ್ಳೆಯದಾಯಿತು! ಕಿವಿಯ ಮೂಳೆಯ ಒಳಗೋಡೆ ದಪ್ಪನಾಗಿತ್ತು. ಅಲ್ಲಿಯವರೆಗೆ ಅಂಥ ದಪ್ಪ ಗೋಡೆ ತಿಮಿಂಗಿಲಗಳಿಗೆ ಮಾತ್ರ ಇದೆಯೆಂದು ಎಲ್ಲರೂ ತಿಳಿದಿದ್ದರು.

ಥೇವಿಸ್ಸನ್, ಭಾರತದ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 2007ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿದರು. ಇಂಡೋಹಯಸ್ ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನ, ಬೆಕ್ಕಿನ ಗಾತ್ರದ ಪ್ರಾಣಿ. ಕೈಕಾಲಿನ ಮೂಳೆಗಳು ನೀರುಕುದುರೆಯ ಮೂಳೆಗಳಂತೆ ದಪ್ಪ ಮತ್ತು ಭಾರ. ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ಕಾಲೂರಿ ನಡೆಯಲು ಇದು ಸಹಾಯ. ನಮ್ಮ ಮಲೆನಾಡಿನ ಕಾಡಿನಲ್ಲಿ ಬರ್ಕ ಎಂಬ ಪುಟ್ಟ ಪ್ರಾಣಿಯಿದೆ. ಕೊಂಬಿಲ್ಲ, ಸಣ್ಣ ಕಾಲು, ಮೈಮೇಲೆ ಬಿಳಿ ಚುಕ್ಕೆ. ಅದರ ಆಫ್ರಿಕಾದ ನೆಂಟ ಹದ್ದಿನ ನೆರಳು ಕಂಡರೆ ಸರಕ್ಕನೆ ನೀರಿಗೆ ಇಳಿದು ಮುಳುಗಿ ಕುಳಿತುಕೊಳ್ಳುತ್ತದೆ. ಇಂಡೋಹಯಸ್ ಕೂಡ ಹೀಗೆಯೇ ಬದುಕಿತ್ತೆಂದು ಅವರು ಊಹಿಸಿದರು. ನೀರಿಗೆ ಹೋದದ್ದು ಮೊದಲು ಮೀನಿಗಾಗಿ ಅಲ್ಲ, ಪ್ರಾಣಭಯದಿಂದ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇಂಥ ವಿಷಯವನ್ನು ತೆರೆಯ ಮೇಲೆ ತೋರಿಸುವಾಗ ನಮ್ಮ ಚಿತ್ರಕಾರರು ಸಾಮಾನ್ಯವಾಗಿ ಮೆರವಣಿಗೆ ಬಿಡಿಸುತ್ತಾರೆ. ಎಡಗಡೆ ನೀರುಕುದುರೆ, ಮಧ್ಯೆ ಇನ್ನೇನೋ, ಬಲಗಡೆ ತಿಮಿಂಗಿಲ. ನೀರುಕುದುರೆ ತಿಮಿಂಗಿಲದ ಅಜ್ಜನಲ್ಲ. ಇಬ್ಬರ ಅಜ್ಜ ಒಬ್ಬನೇ, ಆತ ಇವರಿಬ್ಬರಲ್ಲಿ ಯಾರಂತೆಯೂ ಇರಲಿಲ್ಲ. ಮೈಸೂರಿನ ಮೃಗಾಲಯದಲ್ಲಿ ಕೊಳದಿಂದ ಮೂಗು ಮಾತ್ರ ಹೊರಗಿಟ್ಟು ಮಲಗಿರುವ ನೀರುಕುದುರೆಯನ್ನು ಮುಂದಿನ ಸಲ ನೋಡುವಾಗ, ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಿ.

ಈಗ ಹೆನ್ನಿಗ್‌ನ ಎರಡನೆಯ ಮಾತಿಗೆ ಬರೋಣ. ಸಂತಾನದಲ್ಲಿ ಯಾರನ್ನೂ ಬಿಡುವಂತಿಲ್ಲವೆಂದರೆ, ದನ, ಹಂದಿ, ಒಂಟೆ, ನೀರುಕುದುರೆಗಳ ಗುಂಪಿಗೆ ತಿಮಿಂಗಿಲವನ್ನು ಸೇರಿಸಲೇಬೇಕು. ದನಕ್ಕಿಂತ ತಿಮಿಂಗಿಲವೇ ನೀರುಕುದುರೆಗೆ ಹತ್ತಿರವಾಗಿರುವಾಗ, ಅದನ್ನು ಹೊರಗಿಟ್ಟು ಗೊರಸಿನವರದೇ ಒಂದು ಮನೆ ಎನ್ನುವುದು ಹೇಗೆ? 1997ರಲ್ಲಿ ಎರಡು ಹೆಸರುಗಳನ್ನೂ ಬೆಸೆದು ‘ಸಿಟಾರ್ಟಿಯೊಡ್ಯಾಕ್ಟಿಲಾ’ ಎಂಬ ಹೊಸ ಹೆಸರು ಹುಟ್ಟಿತು. ಕೆಲವರು ಅದನ್ನು ಬಳಸುತ್ತಾರೆ, ಕೆಲವರು ಹಳೆಯ ಹೆಸರಿನೊಳಗೇ ತಿಮಿಂಗಿಲವನ್ನು ಸೇರಿಸಿಕೊಳ್ಳುತ್ತಾರೆ. ಗೊರಸಿನ ಗುಂಪಿನಲ್ಲಿ ಗೊರಸಿಲ್ಲದ, ಕಾಲೇ ಇಲ್ಲದ ಸದಸ್ಯ! ಹೆಸರು ಒಪ್ಪುವುದಿಲ್ಲ ನಿಜ, ವಂಶ ಒಪ್ಪುತ್ತದೆ.

ಇದೇ ನಿಯಮ ಬೇರೆ ಮನೆಗಳಿಗೂ ನುಗ್ಗಿತು. ನಾನು ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಮೀನು, ಉಭಯಚರ, ಸರೀಸೃಪ, ಪಕ್ಷಿ, ಸಸ್ತನಿ ಎಂಬ ಐದು ಪೆಟ್ಟಿಗೆಗಳಿದ್ದವು, ಪರೀಕ್ಷೆಗೆ ಲಕ್ಷಣಗಳನ್ನು ಬಾಯಿಪಾಠ ಮಾಡಿದರೆ ಸಾಕಾಗಿತ್ತು. ಆದರೆ ಮೊಸಳೆಗೆ ಹಲ್ಲಿಗಿಂತ ಕೋಳಿಯೇ ಹತ್ತಿರದ ನೆಂಟ. ಪಕ್ಷಿಗಳು ಡೈನೋಸಾರ್‌ಗಳ ಒಂದು ಕವಲು. ಹಾಗಾದರೆ ಪಕ್ಷಿಯನ್ನು ಬಿಟ್ಟು ಸರೀಸೃಪ ಎಂಬ ಗುಂಪು ಉಳಿಯುವುದಿಲ್ಲ. ಹಾರ್ವರ್ಡಿನ ಅರ್ನ್‌ಸ್ಟ್ ಮೇಯರ್ ಇದನ್ನು ಬಲವಾಗಿ ವಿರೋಧಿಸಿದರು. ಗರಿ, ರೆಕ್ಕೆ, ಬಿಸಿರಕ್ತ ಪಡೆದು ಇಷ್ಟು ದೂರ ಹೋದ ಪಕ್ಷಿಗಳಿಗೆ ಬೇರೆ ಮನೆ ಕೊಡಬೇಡವೇ, ಬದಲಾವಣೆಯ ಪ್ರಮಾಣಕ್ಕೆ ಬೆಲೆಯಿಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಆದರೆ ಊರು ಬಿಟ್ಟು, ವೇಷ ಬದಲಿಸಿ, ಸಿರಿವಂತನಾದ ಮಗನ ಹೆಸರನ್ನು ವಂಶಾವಳಿಯಿಂದ ಹೊಡೆದುಹಾಕುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ. ಎಷ್ಟು ದೂರ ಹೋದರೆ ಬೇರೆ ಮನೆ ಎಂದು ಅಳೆಯುವ ಕೋಲು ಮೇಯರ್ ಅವರ ಬಳಿಯೂ ಇರಲಿಲ್ಲ. ನನಗೆ ಹೆನ್ನಿಗ್ ಪಕ್ಷವೇ ಸರಿಯೆನಿಸುತ್ತದೆ.

ಮೀನಿನ ಗತಿ ಇನ್ನೂ ಸ್ವಾರಸ್ಯದ್ದು. ಆಫ್ರಿಕಾ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿ ಶ್ವಾಸಕೋಶವಿರುವ ಮೀನುಗಳಿವೆ. ವಂಶದಲ್ಲಿ ಅವು ಶಾರ್ಕಿಗಿಂತ, ನಮ್ಮ ಬಂಗುಡೆಗಿಂತ, ಹಸುವಿಗೆ ಹತ್ತಿರ. ನಾಲ್ಕು ಕಾಲಿನ ಪ್ರಾಣಿಗಳೆಲ್ಲ ಮೀನಿನ ಮರದ ಒಂದು ಕೊಂಬೆ. ಅವನ್ನು ಕತ್ತರಿಸಿ ಉಳಿದದ್ದನ್ನು ‘ಮೀನು’ ಎನ್ನುವುದು ಅಡುಗೆಮನೆಗೆ ಸರಿ, ವಂಶವೃಕ್ಷಕ್ಕೆ ಅಲ್ಲ. ಮೀನು ಎಂಬುದನ್ನು ವಂಶದ ಗುಂಪೆಂದು ಹಿಡಿದರೆ ತಿಮಿಂಗಿಲ ಮೀನೇ. ನ್ಯೂಯಾರ್ಕಿನ ಜ್ಯೂರಿಗಳು ಗೆದ್ದರು! ಆದರೆ ಅದೇ ಲೆಕ್ಕದಲ್ಲಿ ಜ್ಯೂರಿಗಳು, ವಕೀಲ ಸ್ಯಾಂಪ್ಸನ್, ಪ್ರಾಧ್ಯಾಪಕ ಮಿಚೆಲ್ ಎಲ್ಲರೂ ಮೀನುಗಳೇ. ಕ್ಯಾಪ್ಟನ್ ಫಿಶ್ ಒಬ್ಬನಿಗೆ ಮಾತ್ರ ಹೆಸರು ಬದಲಿಸುವ ಪ್ರಮೇಯ ಬರುತ್ತಿರಲಿಲ್ಲ.

ಕಾನೂನಿಗೆ ಈ ತಲೆನೋವೆಲ್ಲ ಬೇಕಿಲ್ಲ ಎನ್ನಬಹುದು. ನಮ್ಮ 1897ರ ಮೀನುಗಾರಿಕೆ ಕಾಯ್ದೆ ಚಿಪ್ಪಿನ ಜೀವಿಗಳನ್ನೂ ಮೀನು ಎಂಬ ಪದದೊಳಗೆ ಸೇರಿಸಿ ಸುಮ್ಮನಾಯಿತು. ಕಾಯ್ದೆಯ ಉದ್ದೇಶಕ್ಕೆ ಅಷ್ಟು ಸಾಕು. ಆದರೆ ಪ್ರಾಣಿಯನ್ನು ಉಳಿಸುವ ಪ್ರಶ್ನೆ ಬಂದಾಗ ವಂಶವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ತಿಮಿಂಗಿಲದ ಬಳಗದಲ್ಲಿಯೇ ಇದಕ್ಕೆ ಉದಾಹರಣೆಯಿದೆ.

ಗಂಗಾನದಿಯ ಡಾಲ್ಫಿನ್ ಉದ್ದ ಮೂತಿಯ, ಹೆಚ್ಚುಕಡಿಮೆ ಕುರುಡಾದ ಪ್ರಾಣಿ. ಚೀನಾದ ಯಾಂಗ್‌ತ್ಸೆ ಮತ್ತು ದಕ್ಷಿಣ ಅಮೆರಿಕದ ಅಮೆಜಾನ್ ನದಿಗಳಲ್ಲಿಯೂ ಇಂಥವೇ ಉದ್ದ ಮೂತಿಯ ಡಾಲ್ಫಿನ್‌ಗಳಿದ್ದವು. ರೂಪ ಒಂದೇ ಆದ್ದರಿಂದ ಬಹುಕಾಲ ಇವನ್ನೆಲ್ಲ ‘ನದಿ ಡಾಲ್ಫಿನ್’ ಎಂದು ಒಂದೇ ಗುಂಪಾಗಿ ಕಟ್ಟಿದ್ದರು. ಒಂದು ಹೋದರೂ ಇನ್ನೊಂದಿದೆ ಎಂಬ ಭಾವನೆಗೆ ಇದು ದಾರಿ. 2000ದ ಸುಮಾರಿಗೆ ಬಂದ ಡಿ.ಎನ್.ಎ. ಅಧ್ಯಯನಗಳು ಈ ಕಟ್ಟನ್ನು ಬಿಚ್ಚಿದವು. ಕೆಸರು ನೀರಿನ ಬದುಕೇ ಅವಕ್ಕೆ ಒಂದೇ ರೂಪ ಕೊಟ್ಟಿತ್ತು. ಗಂಗೆಯದು ಬಹಳ ಹಿಂದೆಯೇ ಕವಲೊಡೆದ ಬೇರೆ ವಂಶ, ಯಾಂಗ್‌ತ್ಸೆಯದು ಬೇರೊಂದು. 2006ರಲ್ಲಿ ಯಾಂಗ್‌ತ್ಸೆ ನದಿಯುದ್ದಕ್ಕೂ ಹುಡುಕಿದಾಗ ಅಲ್ಲಿಯ ಡಾಲ್ಫಿನ್ ಒಂದೂ ಕಾಣಲಿಲ್ಲ. ಅದರೊಂದಿಗೆ ಹೋದದ್ದು ಬರೀ ಒಂದು ಜಾತಿಯಲ್ಲ, ಮರದ ಒಂದು ಇಡೀ ಕೊಂಬೆ. ಗಂಗೆಯ ಡಾಲ್ಫಿನ್ 2009ರಲ್ಲಿ ನಮ್ಮ ರಾಷ್ಟ್ರೀಯ ಜಲಚರ ಎಂದು ಘೋಷಿತವಾಯಿತು.

ಸಿಂಧೂ ನದಿಯಲ್ಲಿ ಅದರ ಒಡಹುಟ್ಟಿದ ಬಂಧುವಿದೆ. ಎರಡೂ ಒಂದೇ ಜಾತಿ ಎಂದು ಹೇಳುತ್ತ ಬಂದಿದ್ದರು. 2021ರಲ್ಲಿ ತಲೆಬುರುಡೆ ಮತ್ತು ಡಿ.ಎನ್.ಎ.ಗಳ ಅಧ್ಯಯನ ಪ್ರಕಟವಾಗಿ ಎರಡನ್ನೂ ಪ್ರತ್ಯೇಕ ಜಾತಿಗಳೆಂದು ವಿಂಗಡಿಸಲಾಯಿತು. ಸಿಂಧೂ ಡಾಲ್ಫಿನ್‌ಗಳಲ್ಲಿ ಹೆಚ್ಚಿನವು ಪಾಕಿಸ್ತಾನದಲ್ಲಿವೆ. ಭಾರತದೊಳಗೆ ಪಂಜಾಬಿನ ಬಿಯಾಸ್ ನದಿಯಲ್ಲಿ ಕೆಲವೇ ಕೆಲವು ಇರುವುದು 2007ರಲ್ಲಿ ಗೊತ್ತಾಯಿತು. ಗಂಗೆಯಲ್ಲಿ ಸಾವಿರಗಟ್ಟಲೆ ಇವೆಯಲ್ಲ ಎಂದು ಇವುಗಳ ಲೆಕ್ಕವನ್ನು ಅವುಗಳ ಜೊತೆ ಕೂಡಿಸಲು ಈಗ ಬರುವುದಿಲ್ಲ. ಬಿಯಾಸ್‌ನ ಆ ಕೆಲವು ಹೋದರೆ, ಒಂದು ಜಾತಿಯೇ ಈ ದೇಶದ ಪಟ್ಟಿಯಿಂದ ಅಳಿಸಿಹೋಗುತ್ತದೆ.